ಉಷ್ಣವಲಯದ ನಾಟಾ: ಆಮದು ತಡೆಯ ಚಳವಳಿಯಿಂದ ಮೂಲದ ದಾಖಲೆಯವರೆಗೆ

ಮನೆ ಕಟ್ಟುವವರು ಬಾಗಿಲಿನ ಚೌಕಟ್ಟಿಗೆಂದು ಮರದ ಅಂಗಡಿಗೆ ಹೋದಾಗ ಕೇಳಿಬರುವ ಹೆಸರುಗಳಲ್ಲಿ ‘ಮಲೇಷಿಯನ್ ಸಾಲ್’ ಎಂಬುದೂ ಒಂದು. ಹೆಸರಿನಲ್ಲಿ ಸಾಲ್ ಎಂದಿದ್ದರೂ ಅದು ಮಧ್ಯ ಭಾರತದ ಕಾಡುಗಳ ಸಾಲ ವೃಕ್ಷವಲ್ಲ. ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ಬೆಳೆಯುವ, ಸಾಲದ ಕುಟುಂಬಕ್ಕೇ ಸೇರಿದ ಕೆಲವು ಗಟ್ಟಿ ಜಾತಿಯ ಮರಗಳಿಗೆ ನಮ್ಮ ಪೇಟೆಯವರು ಕೊಟ್ಟುಕೊಂಡ ವ್ಯಾಪಾರದ ಹೆಸರು ಅದು. ಆ ಮರ ಯಾವ ಕಾಡಿನಿಂದ ಬಂದಿತು, ಯಾರ ಅನುಮತಿಯಿಂದ ಕಡಿಯಲ್ಪಟ್ಟಿತು ಎಂಬ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದು ಅಪರೂಪ. ಕೇಳಿದರೂ ಉತ್ತರಿಸಲು ಮಾರುವವರ ಬಳಿ ದಾಖಲೆ ಇರುವುದಿಲ್ಲ.

ಯುರೋಪು ಮತ್ತು ಅಮೆರಿಕದ ಪೇಟೆಗಳಲ್ಲಿ ಈ ಪ್ರಶ್ನೆ ಹುಟ್ಟಿ 40 ವರ್ಷಗಳಾಗುತ್ತ ಬಂದಿವೆ. ಮೊದಲು ಅದು ಅಂಗಡಿಗಳ ಮುಂದೆ ನಿಂತವರ ಘೋಷಣೆಯಾಗಿತ್ತು, ಬಳಿಕ ಬಹಿಷ್ಕಾರವಾಯಿತು, ಕೊನೆಗೆ ಕಾನೂನಾಗಿ ರೂಪುಗೊಂಡಿತು. ಕಾನೂನಾಗುವ ಹೊತ್ತಿಗೆ ಅದರ ಸ್ವರೂಪವೂ ಬದಲಾಗಿತ್ತು. ‘ಉಷ್ಣವಲಯದ ಮರ ಬೇಡ’ ಎಂದು ಆರಂಭವಾದ ಚಳವಳಿ ‘ಮರದ ಮೂಲ ತೋರಿಸಿ’ ಎಂಬಲ್ಲಿಗೆ ಬಂದು ನಿಂತಿದೆ. ಈ ಬದಲಾವಣೆ ಹೇಗಾಯಿತು ಎಂಬುದನ್ನು ಅರಿಯುವುದು ಮರದ ವ್ಯಾಪಾರಿಗಳಿಗೆ ಮಾತ್ರವಲ್ಲ, ಕಾಫಿ ರಫ್ತುದಾರರಿಗೂ ಕರಕುಶಲ ವಸ್ತುಗಳ ತಯಾರಕರಿಗೂ ಅಗತ್ಯವಾಗಿದೆ.

ಸರವಾಕಿನ ಅಡ್ಡಗಟ್ಟುಗಳು

ಬೋರ್ನಿಯೋ ದ್ವೀಪದ ವಾಯವ್ಯ ಭಾಗದಲ್ಲಿರುವ ಸರವಾಕ್, ಮಲೇಷಿಯಾದ ಒಂದು ರಾಜ್ಯ. 1980ರ ದಶಕದಲ್ಲಿ ಉಷ್ಣವಲಯದ ದಿಮ್ಮಿಗಳ ರಫ್ತಿನಲ್ಲಿ ಮಲೇಷಿಯಾ ಜಗತ್ತಿಗೇ ಮೊದಲಿಗನಾಗಿತ್ತು. ಆ ದಿಮ್ಮಿಗಳು ಬರುತ್ತಿದ್ದುದು ಮುಖ್ಯವಾಗಿ ಸರವಾಕ್ ಮತ್ತು ಅದರ ನೆರೆಯ ಸಬಾ ರಾಜ್ಯಗಳಿಂದ. ಅತಿ ದೊಡ್ಡ ಗಿರಾಕಿ ಜಪಾನ್. ಅಲ್ಲಿ ಈ ಮರದ ಬಹುಪಾಲು ಪ್ಲೈವುಡ್ ಆಗುತ್ತಿತ್ತು. ಆ ಪ್ಲೈವುಡ್ಡಿನ ಗಣನೀಯ ಭಾಗ ಕಾಂಕ್ರೀಟ್ ಕಟ್ಟಡಗಳ ಸೆಂಟ್ರಿಂಗ್ ಹಲಗೆಯಾಗಿ ಕೆಲವೇ ಬಾರಿ ಬಳಕೆಯಾಗಿ ಕಸ ಸೇರುತ್ತಿತ್ತು. ನೂರಾರು ವರ್ಷ ಬೆಳೆದ ಮರಕ್ಕೆ ಕೆಲವು ವಾರಗಳ ಉಪಯೋಗ! ಚಳವಳಿಗಾರರು ಜನರ ಮುಂದಿಟ್ಟ ಸಂಗತಿಗಳಲ್ಲಿ ಹೆಚ್ಚು ನಾಟಿದುದು ಇದೇ ಎನ್ನಬಹುದು.

ಸರವಾಕಿನ ಒಳನಾಡಿನಲ್ಲಿ ಪೆನಾನ್ ಎಂಬ ಬುಡಕಟ್ಟಿನವರು ವಾಸಿಸುತ್ತಾರೆ. ಕಾಡಿನ ಸಾಗೋ ತಾಳೆಯ ಹಿಟ್ಟು, ಬೇಟೆ, ನದಿಯ ಮೀನು ಅವರ ಜೀವನಾಧಾರ. ಕಡಿತದ ಗುತ್ತಿಗೆ ಪಡೆದ ಕಂಪನಿಗಳ ಬುಲ್ಡೋಜರುಗಳು ಒಳನಾಡಿಗೆ ನುಗ್ಗಿದಂತೆ ನದಿಗಳ ನೀರು ಕೆಂಪಾಯಿತು, ಬೇಟೆ ದೂರ ಸರಿಯಿತು. ಅರ್ಜಿಗಳಿಗೆ ಉತ್ತರ ದೊರೆಯದೆ ಹೋದಾಗ, 1987ರ ಮಾರ್ಚ್ ಕೊನೆಯಲ್ಲಿ ಬಾರಾಮ್ ಮತ್ತು ಲಿಂಬಾಂಗ್ ಪ್ರದೇಶಗಳ ಪೆನಾನರು ನಾಟಾ ಸಾಗಿಸುವ ರಸ್ತೆಗಳಿಗೆ ಮರದ ಕೊಂಬೆ, ಬಿದಿರುಗಳ ಅಡ್ಡಗಟ್ಟು ಹಾಕಿ ಕುಳಿತರು. ತಿಂಗಳುಗಟ್ಟಲೆ ಲಾರಿಗಳು ನಿಂತವು. 1984ರಿಂದ ಅವರ ನಡುವೆಯೇ ಬದುಕುತ್ತಿದ್ದ ಸ್ವಿಟ್ಜರ್ಲೆಂಡಿನ ಬ್ರೂನೋ ಮಾನ್ಸರ್ ಎಂಬಾತ ಈ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಪ್ರಮುಖ. ಈತ 2000ದಲ್ಲಿ ಮತ್ತೆ ಸರವಾಕಿನ ಕಾಡು ಹೊಕ್ಕವನು ಕಣ್ಮರೆಯಾದ. 2005ರಲ್ಲಿ ಸ್ವಿಸ್ ನ್ಯಾಯಾಲಯ ಆತ ಮೃತನಾಗಿದ್ದಾನೆಂದು ಘೋಷಿಸಿತು. ಸರವಾಕ್ ಸರಕಾರವು 1987ರ ನವೆಂಬರಿನಲ್ಲಿ ಅರಣ್ಯ ಕಾಯ್ದೆಯನ್ನು ತಿದ್ದಿ, ನಾಟಾ ರಸ್ತೆಗೆ ಅಡ್ಡಿಪಡಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು.

ಕಾಡಿನೊಳಗೆ ದಾರಿ ಮುಚ್ಚಿದಾಗ ಚಳವಳಿ ಕೊಳ್ಳುವವರ ದೇಶಗಳಿಗೆ ವರ್ಗಾವಣೆಯಾಯಿತು. 1988ರ ಜುಲೈನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಸರವಾಕಿನ ಮರದ ಆಮದನ್ನು ತಡೆಯಬೇಕೆಂದು ನಿರ್ಣಯ ಅಂಗೀಕರಿಸಿತು. ವ್ಯಾಪಾರ ನೀತಿಯನ್ನು ನಿರ್ಧರಿಸುವ ಅಧಿಕಾರ ಪಾರ್ಲಿಮೆಂಟಿಗೆ ಇರಲಿಲ್ಲವಾದ್ದರಿಂದ ಅದು ಜಾರಿಯಾಗಲಿಲ್ಲ. ಆದರೆ ಊರಾಡಳಿತಗಳು ಕಾಯಲಿಲ್ಲ. ಜರ್ಮನಿಯ ಮತ್ತು ನೆದರ್ಲೆಂಡ್ಸಿನ ಅನೇಕ ನಗರಸಭೆಗಳು ತಮ್ಮ ಕಟ್ಟಡಗಳಿಗೆ ಉಷ್ಣವಲಯದ ಮರ ಬಳಸುವುದಿಲ್ಲವೆಂದು ತೀರ್ಮಾನಿಸಿದವು. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯವು ಸರಕಾರಿ ಕಾಮಗಾರಿಗಳಲ್ಲಿ ಅಂಥ ಮರದ ಬಳಕೆಗೆ ಕಾನೂನಿನ ಮೂಲಕ ಮಿತಿ ಹೇರಿತು. ಬ್ರಿಟನ್ನಿನ ‘ಬಿ ಅಂಡ್ ಕ್ಯೂ’ ಎಂಬ ದೊಡ್ಡ ಮಳಿಗೆ ಸಮೂಹವು 1991ರಲ್ಲಿ, 1995ರೊಳಗೆ ಉತ್ತಮ ನಿರ್ವಹಣೆಯುಳ್ಳ ಕಾಡುಗಳ ಮರವನ್ನಷ್ಟೇ ಮಾರುವುದಾಗಿ ಪ್ರಕಟಿಸಿತು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗದಿರದು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ ‘ಅಪ್ಪಿಕೋ’ ಚಳವಳಿ ಪೆನಾನರ ಅಡ್ಡಗಟ್ಟಿಗಿಂತ ಮೂರೂವರೆ ವರ್ಷ ಹಿಂದಿನದು. ಬೇಡಿಕೆ ಬಹುಮಟ್ಟಿಗೆ ಒಂದೇ. ಆದರೆ ಅಪ್ಪಿಕೋ ಎದುರಿಸಿದ್ದು ತನ್ನದೇ ರಾಜ್ಯದ ಅರಣ್ಯ ಇಲಾಖೆಯನ್ನು. ಸರವಾಕಿನ ಚಳವಳಿ ಬಲ ಹುಡುಕಿದ್ದು ಸಾವಿರಾರು ಮೈಲಿ ದೂರದ ಗಿರಾಕಿಯಲ್ಲಿ. ಮರವನ್ನು ಹೊರದೇಶಕ್ಕೆ ಮಾರುವ ನಾಡಿನಲ್ಲಿ ಗಿರಾಕಿಯ ಮಾತಿಗೆ ಇರುವ ತೂಕ ಕಾಡಿನವರ ಮಾತಿಗೆ ಇಲ್ಲವೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕಾಚಾರ ತಪ್ಪೇನಲ್ಲ. ಆದರೆ ಗಿರಾಕಿ ಒಬ್ಬನೇ ಅಲ್ಲ ಎಂಬುದನ್ನು ಅದು ಅಷ್ಟಾಗಿ ಗಮನಿಸಲಿಲ್ಲ.

ಮಾರುವವರ ಉತ್ತರ

1987ರಲ್ಲಿ ಇಂಗ್ಲೆಂಡಿನ 10 ವರ್ಷದ ಶಾಲಾ ಬಾಲಕನೊಬ್ಬ ಮಳೆಕಾಡನ್ನು ಕಡಿಯಬೇಡಿರೆಂದು ಮಲೇಷಿಯಾದ ಪ್ರಧಾನಿ ಮಹಾತಿರ್ ಮೊಹಮದ್ ಅವರಿಗೆ ಪತ್ರ ಬರೆದ. ಪ್ರಧಾನಿ ಸ್ವತಃ ಉತ್ತರಿಸಿದರು, ಅದೂ ಸಿಟ್ಟಿನಿಂದ. ಮರದ ಉದ್ಯಮದಿಂದ ಲಕ್ಷಾಂತರ ಬಡವರು ಬದುಕುತ್ತಿದ್ದಾರೆ. ಕಾಡು ಉಳಿಯಬೇಕೆಂದರೆ ಶ್ರೀಮಂತ ದೇಶಗಳು ಮರಕ್ಕೆ ಹೆಚ್ಚು ಬೆಲೆ ಕೊಡಲಿ ಎಂದು ತಂದೆಗೆ ತಿಳಿಸು ಎಂಬುದು ಅದರ ಸಾರಾಂಶ. ಮಗುವಿಗೆ ಬರೆಯುವ ಧಾಟಿ ಅದಲ್ಲ ಎಂಬುದು ನಿಜ. ಆದರೂ ಬೆಲೆಯ ಬಗೆಗಿನ ಮಾತನ್ನು ವ್ಯಾಪಾರ ಬಲ್ಲವರು ತಳ್ಳಿಹಾಕಲಾರರು. ತಮ್ಮ ಕಾಡುಗಳನ್ನು ಎಂದೋ ಕಡಿದು ಹೊಲ ಮಾಡಿಕೊಂಡ ದೇಶಗಳು, ಈಗಲೂ ತಮ್ಮ ಪೈನ್ ಮತ್ತು ಸ್ಪ್ರೂಸ್ ಮರಗಳನ್ನು ನಿರಾತಂಕವಾಗಿ ಮಾರುತ್ತಿದ್ದ ದೇಶಗಳು, ಉಷ್ಣವಲಯದವರಿಗೆ ಮಾತ್ರ ನಿಯಮ ಹೇರುವುದು ಯಾವ ನ್ಯಾಯ ಎಂಬ ಆಕ್ಷೇಪವೂ ಇದರೊಡನೆ ಸೇರಿತು.

ಈ ಆಕ್ಷೇಪ ಪರೀಕ್ಷೆಗೊಳಗಾದುದು ಆಸ್ಟ್ರಿಯಾದಲ್ಲಿ. 1992ರಲ್ಲಿ ಆಸ್ಟ್ರಿಯಾದ ಸಂಸತ್ತು ಉಷ್ಣವಲಯದ ಮರ ಹಾಗೂ ಅದರಿಂದ ತಯಾರಾದ ವಸ್ತುಗಳ ಮೇಲೆ ಹಾಗೆಂದು ಮುದ್ರಿಸಿರುವ ಚೀಟಿ ಕಡ್ಡಾಯವೆಂದು ಕಾನೂನು ಮಾಡಿತು. ಆಮದು ಸುಂಕವನ್ನು ಬಹಳವಾಗಿ ಏರಿಸುವ ಉದ್ದೇಶವೂ ಅದರ ಜೊತೆಗಿತ್ತು. ಆಸ್ಟ್ರಿಯಾ ಉಷ್ಣವಲಯದ ಮರದ ದೊಡ್ಡ ಗಿರಾಕಿಯೇನಲ್ಲ. ಆದರೂ ಮಲೇಷಿಯಾ ಮತ್ತು ಇಂಡೊನೇಷಿಯಾ ಇದನ್ನು ಹಾಗೇ ಬಿಡಲಿಲ್ಲ. ಅಂದಿನ ಗ್ಯಾಟ್ ಒಪ್ಪಂದದ ವೇದಿಕೆಯಲ್ಲಿ ಆಗ್ನೇಯ ಏಷ್ಯಾದ ರಾಷ್ಟ್ರಗಳು ಒಟ್ಟಾಗಿ ಪ್ರಶ್ನೆ ಎತ್ತಿದವು: ಒಂದು ಮೇಜು ಮೇಜೇ. ಅದು ಬೋರ್ನಿಯೋದ ಮೆರಂತಿಯದಾದರೆ ಚೀಟಿ, ಆಸ್ಟ್ರಿಯಾದ್ದೇ ಬೀಚ್ ಮರದ್ದಾದರೆ ಚೀಟಿ ಬೇಡ ಎಂದರೆ ಅದು ತಾರತಮ್ಯವಲ್ಲವೇ? ಆಸ್ಟ್ರಿಯಾದ ಸರಕುಗಳನ್ನು ಕೊಳ್ಳುವುದಿಲ್ಲವೆಂಬ ಎಚ್ಚರಿಕೆಯೂ ಹೊರಟಿತು. 1993ರ ವಸಂತದೊಳಗೆ ಆಸ್ಟ್ರಿಯಾ ಕಡ್ಡಾಯ ಚೀಟಿಯನ್ನು ಹಿಂತೆಗೆದುಕೊಂಡು, ಎಲ್ಲ ಬಗೆಯ ಮರಕ್ಕೂ ಅನ್ವಯಿಸುವ ಸ್ವಯಂಪ್ರೇರಿತ ಗುರುತಿಗೆ ಒಪ್ಪಿಕೊಂಡಿತು.

ಒಂದು ವರ್ಷವೂ ಬಾಳದ ಈ ಕಾನೂನು ಮುಂದಿನ ಎಲ್ಲ ಕಾನೂನುಗಳಿಗೆ ಪಾಠವಾಯಿತು. ‘ಉಷ್ಣವಲಯದ್ದು’ ಎಂಬ ಕಾರಣಕ್ಕಾಗಿಯೇ ತಡೆಯಲು ಹೊರಟ ಕಾನೂನು ನಿಲ್ಲುವುದಿಲ್ಲ. ‘ಅಕ್ರಮವಾಗಿ ಕಡಿದದ್ದು’ ಎಂದು ತಡೆದರೆ ನಿಲ್ಲುತ್ತದೆ, ಏಕೆಂದರೆ ಆಗ ನಿಯಮ ತನ್ನ ದೇಶದ ಮರಕ್ಕೂ ಪರದೇಶದ ಮರಕ್ಕೂ ಒಂದೇ ಆಗಿರುತ್ತದೆ. ಇಂದು ನಮ್ಮ ರಫ್ತುದಾರರ ಮೇಜಿನ ಮೇಲಿರುವ ನಮೂನೆಗಳ ವಂಶಾವಳಿ ಹುಡುಕಿದರೆ ಆಸ್ಟ್ರಿಯಾದ ಈ ಸೋಲಿನ ಬಳಿಗೆ ಬರಬೇಕಾಗುತ್ತದೆ.

ತಡೆಯಿಂದ ಕಾಡು ಉಳಿಯಿತೇ?

ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಮಳೆಕಾಡುಗಳ ನಾಶಕ್ಕೆ ದೊಡ್ಡ ಕಾರಣ ಅಂತರರಾಷ್ಟ್ರೀಯ ಮರದ ವ್ಯಾಪಾರವಲ್ಲ, ಕೃಷಿಗಾಗಿ ಆಗುವ ನೆಲದ ಪರಿವರ್ತನೆ: ಅಮೆಜಾನಿನಲ್ಲಿ ದನಗಳ ಮೇವಿನ ಬಯಲು ಮತ್ತು ಸೋಯಾ, ಬೋರ್ನಿಯೋ ಮತ್ತು ಸುಮಾತ್ರಾಗಳಲ್ಲಿ ತಾಳೆ ಎಣ್ಣೆಯ ತೋಟ. ಮರಕ್ಕೆ ಬೆಲೆಯೇ ಇಲ್ಲವೆಂದಾದರೆ ಕಾಡನ್ನು ಕಾಡಾಗಿ ಇಟ್ಟುಕೊಳ್ಳಲು ಮಾಲೀಕನಿಗೆ ಕಾರಣ ಉಳಿಯುವುದಿಲ್ಲ ಎಂದು ಬಹಿಷ್ಕಾರವನ್ನು ವಿರೋಧಿಸಿದವರು ವಾದಿಸಿದರು. ಇದರಲ್ಲಿ ಹುರುಳಿದೆ. ಆದರೆ ಇದೂ ಪೂರ್ಣ ಸತ್ಯವಲ್ಲ. ತಾಳೆ ತೋಟ ಬರುವ ಮುನ್ನ ಕಾಡಿನೊಳಕ್ಕೆ ರಸ್ತೆ ಮಾಡಿದ್ದು ನಾಟಾ ಕಂಪನಿಗಳೇ. ಬೆಲೆಬಾಳುವ ದಿಮ್ಮಿಗಳನ್ನು ತೆಗೆದ ಮೇಲೆ ‘ಹಾಳುಬಿದ್ದ ಕಾಡು’ ಎಂಬ ಹೆಸರಿನಲ್ಲಿ ಉಳಿದ ನೆಲ ತೋಟಕ್ಕೆ ಹೋಯಿತು. ಯೋಕೊಹಾಮಾದಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಉಷ್ಣವಲಯದ ನಾಟಾ ಸಂಘಟನೆಯು ಬ್ರಿಟನ್ನಿನ ಲಾರ್ಡ್ ಕ್ರ್ಯಾನ್‌ಬ್ರೂಕ್ ನೇತೃತ್ವದಲ್ಲಿ ಸರವಾಕಿಗೆ ತಂಡ ಕಳುಹಿಸಿತ್ತು. ಆ ತಂಡ 1990ರಲ್ಲಿ ಕೊಟ್ಟ ವರದಿಯೂ, ಕಡಿತದ ವೇಗ ಕಾಡು ತಾಳಿಕೊಳ್ಳುವಷ್ಟನ್ನು ಮೀರಿದೆ, ಅದನ್ನು ಇಳಿಸಲೇಬೇಕೆಂದು ಹೇಳಿತು. ಆ ಸಂಘಟನೆ ಚಳವಳಿಗಾರರದಲ್ಲ, ಮಾರುವ ಮತ್ತು ಕೊಳ್ಳುವ ದೇಶಗಳದು ಎಂಬುದು ಗಮನಾರ್ಹ.

ಬಹಿಷ್ಕಾರದಿಂದ ಕಾಡು ಉಳಿಯದಿದ್ದರೂ ಒಂದು ಸಂಸ್ಥೆ ಹುಟ್ಟಿತು. 1993ರಲ್ಲಿ ಕೆನಡಾದ ಟೊರಾಂಟೋದಲ್ಲಿ ಪರಿಸರವಾದಿಗಳು, ಮರದ ವ್ಯಾಪಾರಿಗಳು, ಬುಡಕಟ್ಟುಗಳ ಪ್ರತಿನಿಧಿಗಳು ಒಟ್ಟುಗೂಡಿ ಅರಣ್ಯ ಪಾಲನಾ ಮಂಡಳಿಯನ್ನು, ಅಂದರೆ ಈಗ ಎಲ್ಲರೂ ಎಫ್.ಎಸ್.ಸಿ. ಎಂದು ಕರೆಯುವ ಸಂಸ್ಥೆಯನ್ನು ಸ್ಥಾಪಿಸಿದರು. ಕಾಡಿನಿಂದ ಅಂಗಡಿಯವರೆಗೆ ಪ್ರತಿ ಕೈಬದಲಾವಣೆಯನ್ನೂ ದಾಖಲಿಸುವ ‘ಸರಪಳಿ’ ಪದ್ಧತಿಯನ್ನು ವ್ಯಾಪಕವಾಗಿ ರೂಢಿಗೆ ತಂದುದು ಇದು. ಮಲೇಷಿಯಾ, ಇಂಡೊನೇಷಿಯಾಗಳೂ ಮುಂದೆ ತಮ್ಮದೇ ಪ್ರಮಾಣೀಕರಣ ಪದ್ಧತಿಗಳನ್ನು ಕಟ್ಟಿಕೊಂಡವು. ಚೀಟಿಯನ್ನು ತಾರತಮ್ಯವೆಂದು ಜರೆದವರೇ ಚೀಟಿ ಅಂಟಿಸತೊಡಗಿದರು.

ಕಾನೂನಿನ ಕಾಲ

2003ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಲೈಬೀರಿಯಾದ ಮರಕ್ಕೆ ಪೂರ್ಣ ನಿಷೇಧ ಹೇರಿತು. ಅದು ಕಾಡಿನ ಮೇಲಣ ಪ್ರೀತಿಯಿಂದಲ್ಲ. ಮರದ ಹಣ ಆ ಪ್ರದೇಶದ ಯುದ್ಧಕ್ಕೆ ಇಂಧನವಾಗಿತ್ತು. 2006ರಲ್ಲಿ ನಿಷೇಧ ತೆರವಾಯಿತು. ವಿನಾಶದ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದವೂ ಮರಗಳತ್ತ ತಿರುಗಿತು. ದಕ್ಷಿಣ ಅಮೆರಿಕದ ದೊಡ್ಡೆಲೆಯ ಮಹಾಗನಿಯನ್ನು 2002ರಲ್ಲಿಯೂ ಆಗ್ನೇಯ ಏಷ್ಯಾದ ರಾಮಿನ್ ಮರವನ್ನು 2004ರಲ್ಲಿಯೂ ಅದರ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಎರಡನೆಯ ಅನುಬಂಧವೆಂದರೆ ನಿಷೇಧವಲ್ಲ, ಅನುಮತಿಪತ್ರದೊಡನೆ ವ್ಯಾಪಾರ.

ನಿಜವಾದ ತಿರುವು ಬಂದುದು 2008ರಲ್ಲಿ. ಅಮೆರಿಕವು 1900ರಷ್ಟು ಹಳೆಯದಾದ ತನ್ನ ‘ಲೇಸಿ ಕಾಯ್ದೆ’ಯನ್ನು ವಿಸ್ತರಿಸಿ, ಬೇರೊಂದು ದೇಶದ ಕಾನೂನನ್ನು ಮುರಿದು ಪಡೆದ ಮರವನ್ನು ಅಮೆರಿಕದೊಳಗೆ ತರುವುದನ್ನೇ ಅಪರಾಧವನ್ನಾಗಿಸಿತು. ಯುರೋಪಿಯನ್ ಒಕ್ಕೂಟದ ನಾಟಾ ನಿಯಮ 2013ರ ಮಾರ್ಚ್ 3ರಿಂದ ಜಾರಿಗೆ ಬಂದು, ಮೊದಲು ಮಾರುಕಟ್ಟೆಗೆ ಇಳಿಸುವವನೇ ಮೂಲದ ಬಗ್ಗೆ ವಿಚಾರಿಸಿರಬೇಕೆಂದು ವಿಧಿಸಿತು.

ಲೇಸಿ ಕಾಯ್ದೆಯ ಹೆಸರಾಂತ ಪ್ರಕರಣವೊಂದರಲ್ಲಿ ಭಾರತದ ಮರವೇ ಸಿಲುಕಿತು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ ಭಾರತದಿಂದ ಬಂದ ಕರಿಮರ ಮತ್ತು ಬೀಟೆಯ ಪಟ್ಟಿಗಳನ್ನು ವಶಪಡಿಸಿಕೊಂಡರು. ಗಿಟಾರಿನ ಕತ್ತಿಗೆ ಅಂಟಿಸುವ ಪಟ್ಟಿಗಳವು. ತಕರಾರು ಕಾಡಿನಲ್ಲಿರಲಿಲ್ಲ, ಕಾಗದದಲ್ಲಿತ್ತು. ಭಾರತದ ರಫ್ತು ನೀತಿಯಂತೆ 6 ಮಿಲಿಮೀಟರಿಗಿಂತ ದಪ್ಪವಾದ ಕೊಯ್ದ ಮರದ ರಫ್ತಿಗೆ ಅನುಮತಿಯಿಲ್ಲ. ತೆಳು ವಿನಿಯರ್‌ಗೆ ಇದೆ. ಪಟ್ಟಿಗಳು ಅದಕ್ಕಿಂತ ದಪ್ಪವಾಗಿದ್ದವು, ದಾಖಲೆಗಳಲ್ಲಿ ಒಂದೆಡೆ ವಿನಿಯರ್ ಎಂದೂ ಇನ್ನೊಂದೆಡೆ ಬೇರೆಯಾಗಿಯೂ ನಮೂದಾಗಿತ್ತು. ಅವು ಕೊಯ್ದ ಮರವೋ ಅಥವಾ ವಾದ್ಯದ ಸಿದ್ಧ ಬಿಡಿಭಾಗವೋ ಎಂಬ ಬಗ್ಗೆ ಭಾರತದ ಕಡೆಯಿಂದಲೇ ಸ್ಪಷ್ಟತೆ ಇರಲಿಲ್ಲ. 2012ರ ಆಗಸ್ಟಿನಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಆ ದಂಡ ಮುಖ್ಯವಾಗಿ 2009ರ ಮಡಗಾಸ್ಕರಿನ ಕರಿಮರದ ಹಳೆಯ ಪ್ರಕರಣಕ್ಕೆ ಸಂಬಂಧಿಸಿದುದು. ಭಾರತದ ಪಟ್ಟಿಗಳು ಕಂಪನಿಗೆ ಹಿಂದಿರುಗಿದವು. ಆದರೆ ಒಂದು ವರ್ಷ ಕಾಲ ಸರಕು ಸಿಕ್ಕಿಬಿದ್ದಿತ್ತು. ಅದಕ್ಕೆ ಕಾರಣ ಸುಂಕದ ಸಂಕೇತ ಸಂಖ್ಯೆಯೊಂದು. ರಫ್ತುದಾರರು ಇದನ್ನು ಮರೆಯುವಂತಿಲ್ಲ.

ಬೀಟೆ, ಶೀಶಂ ಮತ್ತು ಕುಶಲಕರ್ಮಿಗಳು

2016ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಸೈಟಿಸ್ ಸಮಾವೇಶವು ಡಾಲ್ಬರ್ಜಿಯಾ ಎಂಬ ಇಡೀ ಪ್ರಭೇದವರ್ಗವನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಮಡಗಾಸ್ಕರ್, ಮಧ್ಯ ಅಮೆರಿಕ ಮತ್ತು ಇಂಡೋಚೈನಾಗಳಲ್ಲಿ ಬೀಟೆ ಜಾತಿಯ ಮರಗಳು ಚೀನಾದ ಪೀಠೋಪಕರಣಗಳ ಬೇಡಿಕೆಗಾಗಿ ಕಳ್ಳತನದಿಂದ ಕಡಿಯಲ್ಪಡುತ್ತಿದ್ದವು. ಕೊಯ್ದ ಮೇಲೆ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಸುಂಕದ ಕಟ್ಟೆಯ ಅಧಿಕಾರಿಗೆ ಸಾಧ್ಯವಿಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಬಲೆಗೆ ಹಾಕಲಾಯಿತು. 2017ರ ಜನವರಿ 2ರಿಂದ ಜಾರಿಗೆ ಬಂದ ಈ ಬಲೆಯಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ, ಉತ್ತರ ಭಾರತದ ಹೊಲದ ಬದುಗಳಲ್ಲಿ ಧಾರಾಳವಾಗಿ ಬೆಳೆಯುವ ಶೀಶಂ ಕೂಡ ಬಿದ್ದವು.

ಪರಿಣಾಮವನ್ನು ಕೇಂದ್ರ ಸರಕಾರವೇ ಲೆಕ್ಕ ಹಾಕಿದೆ. ಶೀಶಂ ಪೀಠೋಪಕರಣ ಮತ್ತು ಕರಕುಶಲ ವಸ್ತುಗಳ ರಫ್ತು ವರ್ಷಕ್ಕೆ ಸುಮಾರು 1000 ಕೋಟಿ ರೂಪಾಯಿಗಳಿಂದ 500-600 ಕೋಟಿಗೆ ಇಳಿಯಿತು. ಸುಮಾರು 50,000 ಕುಶಲಕರ್ಮಿಗಳ ಜೀವನೋಪಾಯಕ್ಕೆ ಪೆಟ್ಟು ಬಿತ್ತು. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ಸಮಾವೇಶದಲ್ಲಿ ಭಾರತವು ಪಟ್ಟು ಹಿಡಿದು, ಪ್ರತಿ ಬಿಡಿ ವಸ್ತುವಿನಲ್ಲಿ ಮರದ ತೂಕ 10 ಕಿಲೋಗಿಂತ ಕಡಿಮೆಯಿದ್ದರೆ ಶೀಶಂ ವಸ್ತುಗಳಿಗೆ ಸೈಟಿಸ್ ಅನುಮತಿ ಬೇಕಿಲ್ಲ ಎಂಬ ವಿವರಣೆಯನ್ನು ಪಡೆದುಕೊಂಡಿತು. ಕರಕುಶಲ ವಸ್ತುಗಳ ರಫ್ತು ಪ್ರೋತ್ಸಾಹ ಮಂಡಳಿಯ ‘ವೃಕ್ಷ’ ಪ್ರಮಾಣಪತ್ರ ವ್ಯವಸ್ಥೆಯೂ ಕಾನೂನುಬದ್ಧ ಮೂಲವನ್ನು ತೋರಿಸಲು ನೆರವಾಗಿದೆ.

ಭೌಗೋಳಿಕ ಗುರುತು ಪಡೆದಿರುವ ಮೈಸೂರಿನ ಬೀಟೆಮರದ ಇನ್‌ಲೇ ಕುಸುರಿಯವರಿಗೂ ಇದೇ ನಿಯಮದ ನೆರಳು ತಾಗುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ಹರಾಜಿನಲ್ಲಿ ಅಥವಾ ಪರವಾನಗಿಯ ಮೂಲಕ ಕೊಂಡ ಬೀಟೆಗೆ ಅರಣ್ಯ ಇಲಾಖೆಯ ಕಾಗದ ಇದ್ದೇ ಇರುತ್ತದೆ. ಆದರೆ ದಿಮ್ಮಿ ಹಲಗೆಯಾಗಿ, ಹಲಗೆ ತುಂಡಾಗಿ, ತುಂಡು ಹತ್ತು ಮನೆಗಳ ಕೈಸೇರಿದಾಗ ಆ ಕಾಗದ ಮೊದಲ ಮನೆಯಲ್ಲೇ ಉಳಿಯುತ್ತದೆ. ಸರಕು ಸಕ್ರಮವಾಗಿದ್ದೂ ತೋರಿಸಲಾಗದ ಸ್ಥಿತಿ ಸಣ್ಣ ತಯಾರಕನದು. ಮಳೆಕಾಡಿನ ಕಳ್ಳರಿಗೆಂದು ಬೀಸಿದ ಬಲೆ ಮೊದಲು ಹಿಡಿದದ್ದು ಕಾಗದವಿಲ್ಲದ ಪ್ರಾಮಾಣಿಕನನ್ನು ಎಂದರೆ ಅತಿಶಯೋಕ್ತಿಯಲ್ಲ.

ಗಿರಾಕಿಯಾಗಿ ಭಾರತ

ಇದುವರೆಗಿನದು ಮಾರುವ ಭಾರತದ ಕಥೆ. ಕೊಳ್ಳುವ ಭಾರತದ್ದು ಬೇರೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಉದ್ಯಮಗಳಿಗೆ ರಿಯಾಯಿತಿ ದರದಲ್ಲಿ ಕಾಡಿನ ಮರ ಒದಗಿಸುವ ಪದ್ಧತಿ ನಿಲ್ಲಬೇಕೆಂದಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರದ ಒಪ್ಪಿಗೆ ಪಡೆದ ಕಾರ್ಯಯೋಜನೆಯಿಲ್ಲದೆ ಯಾವ ಕಾಡಿನಲ್ಲಿಯೂ ಕಡಿತ ಕೂಡದೆಂದು ಆದೇಶಿಸಿತು. ಈಶಾನ್ಯದ ಪ್ಲೈವುಡ್ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿದವು. ಉದ್ಯಮವು ಒಂದೆಡೆ ರೈತರ ನೀಲಗಿರಿ, ಪಾಪ್ಲರ್, ರಬ್ಬರ್ ಮರಗಳತ್ತ, ನಮ್ಮ ಕಾಫಿ ತೋಟಗಳ ಸಿಲ್ವರ್ ಓಕಿನತ್ತ ತಿರುಗಿತು, ಇನ್ನೊಂದೆಡೆ ಬಂದರುಗಳತ್ತ. ಕಾಂಡ್ಲಾ, ತೂತ್ತುಕುಡಿ, ಮಂಗಳೂರುಗಳಲ್ಲಿ ದಿಮ್ಮಿಗಳ ರಾಶಿ ಬೆಳೆಯಿತು. ದಿಮ್ಮಿಗೆ ಸುಂಕ ಕಡಿಮೆ, ಕೊಯ್ದ ಮರಕ್ಕೆ ಹೆಚ್ಚು ಎಂಬ ನೀತಿಯೂ ದಿಮ್ಮಿಯನ್ನೇ ತರಲು ಪ್ರೇರೇಪಿಸಿತು.

2010ರ ದಶಕದ ಹೊತ್ತಿಗೆ ಸರವಾಕಿನ ದಿಮ್ಮಿಗಳ ಪ್ರಮುಖ ಗಿರಾಕಿ ಜಪಾನ್ ಆಗಿರಲಿಲ್ಲ, ಭಾರತವಾಗಿತ್ತು. ಪೆನಾನರು ಯಾವ ನಾಟಾ ರಸ್ತೆಗೆ ಅಡ್ಡ ಕುಳಿತಿದ್ದರೋ ಅಂಥ ರಸ್ತೆಗಳ ಮರಕ್ಕೆ ಮೂಲದ ಪ್ರಶ್ನೆ ಕೇಳದ ಗಿರಾಕಿ ದೊರೆತಿದ್ದ. ಸ್ವಂತ ಕಾಡನ್ನು ಕಾಪಾಡಲು ನಮ್ಮ ನ್ಯಾಯಾಲಯ ಹಾಕಿದ ಕಟ್ಟಳೆಯ ಭಾರ ಹೀಗೆ ಭಾಗಶಃ ಇನ್ನೊಬ್ಬರ ಕಾಡಿನ ಮೇಲೆ ಬಿದ್ದಿತೆಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾದರೂ ವಾಸ್ತವ. ಮ್ಯಾನ್ಮಾರಿನ ವಿಷಯದಲ್ಲಿಯೂ ಇದೇ ಕಾಣುತ್ತದೆ. 2021ರ ಸೈನಿಕ ದಂಗೆಯ ಬಳಿಕ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟಗಳು ಅಲ್ಲಿನ ಸರಕಾರಿ ನಾಟಾ ಸಂಸ್ಥೆಯ ಮೇಲೆ ನಿರ್ಬಂಧ ವಿಧಿಸಿದವು; ಭಾರತ ವಿಧಿಸಲಿಲ್ಲ. ‘ಬರ್ಮಾ ತೇಗ’ದ ಆಕರ್ಷಣೆ ನಮ್ಮ ಪೇಟೆಯಲ್ಲಿ ಇಂದಿಗೂ ಕುಗ್ಗಿಲ್ಲ.

ವ್ಯಾಪಾರಿಗಳ ಪೂರೈಕೆಯನ್ನು ಕಡೆಗೆ ಕದಲಿಸಿದ್ದು ಕೊಳ್ಳುವವರ ತಡೆಗಿಂತ ಮಾರುವವರ ತಡೆ. ಗಬಾನ್ 2010ರಲ್ಲಿ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ, ಲಾವೋಸ್ 2016ರಿಂದ ಅದೇ ದಾರಿ ಹಿಡಿದವು. ಸರವಾಕ್ 2017ರಲ್ಲಿ ಬೆಟ್ಟದ ಕಾಡಿನ ಮರದ ಮೇಲಿನ ಶುಲ್ಕವನ್ನು ಘನಮೀಟರಿಗೆ 80 ಸೆನ್‌ನಿಂದ ಒಮ್ಮೆಲೇ 50 ರಿಂಗಿಟ್‌ಗೆ ಏರಿಸಿತು. ಗರ್ಜನ್ ಮುಖಪದರ ಸಿಗದೆ ಪರದಾಡಿದ ಪ್ಲೈವುಡ್ ತಯಾರಕರು ಗಬಾನಿನ ಒಕುಮೆ ವಿನಿಯರಿನತ್ತ ಹೊರಳಿದರು. ಅಲ್ಲಿನ ಎನ್ಕೋಕ್ ವಿಶೇಷ ಆರ್ಥಿಕ ವಲಯದಲ್ಲಿ ಭಾರತದ ಉದ್ಯಮಿಗಳೇ ವಿನಿಯರ್ ಕಾರ್ಖಾನೆ ತೆರೆದರು. ಮಹಾತಿರ್ ಅವರು ಕೇಳಿದ ‘ಹೆಚ್ಚು ಬೆಲೆ’ಯನ್ನು ಮಾರುವ ದೇಶಗಳು ಈ ಬಗೆಯಲ್ಲಿ ತಾವೇ ಪಡೆದುಕೊಳ್ಳತೊಡಗಿವೆ.

ರಹದಾರಿಯ ಹೊಸ ರೂಪ

ಈಗ ಎದುರಿಗಿರುವುದು ಯುರೋಪಿಯನ್ ಒಕ್ಕೂಟದ ಅರಣ್ಯನಾಶ ವಿರೋಧಿ ನಿಯಮ. 2023ರಲ್ಲಿ ಅಂಗೀಕೃತವಾದ ಇದು ಮರಕ್ಕೆ ಮಾತ್ರ ಸೀಮಿತವಲ್ಲ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾಗಳನ್ನೂ ಅವುಗಳಿಂದ ತಯಾರಾದ ಹಲವು ಸರಕುಗಳನ್ನೂ ಒಳಗೊಂಡಿದೆ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದಲ್ಲಿ ಬೆಳೆದದ್ದಾಗಿರಬಾರದು, ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿರಬೇಕು, ಮತ್ತು ಬೆಳೆದ ತಾಕಿನ ಅಕ್ಷಾಂಶ-ರೇಖಾಂಶ ಒದಗಿಸಬೇಕು. ತಾಕು 4 ಹೆಕ್ಟೇರಿಗಿಂತ ದೊಡ್ಡದಾದರೆ ಅದರ ಸುತ್ತಳತೆಯ ನಕ್ಷೆಯೂ ಬೇಕು. ಜಾರಿಯ ದಿನಾಂಕವನ್ನು ಎರಡು ಬಾರಿ ಮುಂದೂಡಲಾಗಿದ್ದು, 2025ರ ಡಿಸೆಂಬರಿನ ತೀರ್ಮಾನದಂತೆ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಅತಿ ಸಣ್ಣ ಹಾಗೂ ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30 ಗೊತ್ತಾಯಿತು. ಈ ‘ಸಣ್ಣ’ ಎಂಬುದು ಯುರೋಪಿನ ಆಮದುದಾರರನ್ನು ಕುರಿತದ್ದು. ನಮ್ಮ ರಫ್ತುದಾರನ ಗಾತ್ರವನ್ನಲ್ಲ. ದೊಡ್ಡ ಖರೀದಿದಾರನಿಗೆ ಮಾರುವ ಚಿಕ್ಕ ರಫ್ತುದಾರ ಮೊದಲ ದಿನಾಂಕಕ್ಕೇ ಸಿದ್ಧನಾಗಿರಬೇಕಾಗುತ್ತದೆ.

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು 70 ಪ್ರತಿಶತ ಪಾಲು ಕರ್ನಾಟಕದ್ದು, ಮತ್ತು ಇಟಲಿ, ಜರ್ಮನಿ, ಬೆಲ್ಜಿಯಂಗಳು ಅದರ ಮುಖ್ಯ ಗಿರಾಕಿಗಳು. ಆದ್ದರಿಂದ ಮಳೆಕಾಡಿನ ಮರಕ್ಕಾಗಿ ಆರಂಭವಾದ ವಾದ ಕೊಡಗು, ಚಿಕ್ಕಮಗಳೂರು, ಹಾಸನಗಳ ಎರಡು ಎಕರೆ ಬೆಳೆಗಾರನ ಬಾಗಿಲಿಗೂ ಬಂದಿದೆ. ಕಾಫಿ ಮಂಡಳಿಯು ತೋಟಗಳ ಭೂಸ್ಥಾನ ನೋಂದಣಿಯನ್ನು ಕೈಗೆತ್ತಿಕೊಂಡಿದೆ. 2025ರ ಮೇ ತಿಂಗಳ ವರ್ಗೀಕರಣದಲ್ಲಿ ಭಾರತವನ್ನು ‘ಕಡಿಮೆ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಲಾಗಿದೆ. ಇದರಿಂದ ಖರೀದಿದಾರನ ವಿಚಾರಣೆ ಹಗುರಾಗುತ್ತದೆಯೇ ಹೊರತು ಭೂಸ್ಥಾನದ ಮಾಹಿತಿ ತಪ್ಪುವುದಿಲ್ಲ. ಮಲೇಷಿಯಾ, ಇಂಡೊನೇಷಿಯಾ, ಬ್ರೆಜಿಲ್‌ಗಳು ಮಧ್ಯಮ ವರ್ಗದಲ್ಲಿವೆ. ಮ್ಯಾನ್ಮಾರ್ ‘ಹೆಚ್ಚು ಅಪಾಯ’ದ ನಾಲ್ಕು ದೇಶಗಳಲ್ಲಿ ಒಂದು. ಮಲೇಷಿಯಾದ ಅಥವಾ ಮ್ಯಾನ್ಮಾರಿನ ಮರ ತಂದು ಇಲ್ಲಿ ಪೀಠೋಪಕರಣ ಮಾಡಿ ಯುರೋಪಿಗೆ ಕಳುಹಿಸುವವರಿಗೆ ಭಾರತದ ‘ಕಡಿಮೆ ಅಪಾಯ’ ಆಸರೆಯಾಗದು. ಮರ ಬೆಳೆದ ದೇಶವೇ ಲೆಕ್ಕಕ್ಕೆ.

ಇದನ್ನೆಲ್ಲ ಪರದೇಶದವರ ಹೊಸ ಕಿರುಕುಳವೆಂದು ಬಗೆಯುವುದು ಸುಲಭ. ಆದರೆ ಕರ್ನಾಟಕದ ಮರದ ವ್ಯಾಪಾರಿಗೆ ಈ ಬೇಡಿಕೆ ಹೊಸದೇ? ರೈತನ ಹಿತ್ತಿಲ ತೇಗದ ದಿಮ್ಮಿಯೊಂದು ಲಾರಿ ಹತ್ತಬೇಕಾದರೆ ಅರಣ್ಯ ಇಲಾಖೆಯ ರಹದಾರಿ ಬೇಕು. ಅದಕ್ಕೆ ಪಹಣಿ ಬೇಕು, ಸರ್ವೆ ನಂಬರು ಬೇಕು, ದಿಮ್ಮಿಯ ಅಳತೆ ಬೇಕು, ಇಲಾಖೆಯ ಸುತ್ತಿಗೆ ಗುರುತು ಬೇಕು. ಯುರೋಪಿನವರು ಅಕ್ಷಾಂಶ-ರೇಖಾಂಶ ಎನ್ನುವುದು ನಮ್ಮ ಸರ್ವೆ ನಂಬರಿನ ಇನ್ನೊಂದು ರೂಪ. ಊರ ರೈತನ ಮರಕ್ಕೆ ಇಷ್ಟೆಲ್ಲ ಕೇಳುವ ನಾಡಿನಲ್ಲಿ, ಬಂದರಿನಲ್ಲಿ ಇಳಿಯುವ ದಿಮ್ಮಿಗೆ ಕೇಳುವುದು ಸುಂಕದ ದಾಖಲೆ ಮತ್ತು ಕೀಟರೋಗಗಳಿಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ. ದೇಶದ ಹೆಸರು ಅದರಲ್ಲಿರುತ್ತದೆ, ಕಾಡಿನ ಹೆಸರಿರುವುದಿಲ್ಲ. ಆಮದಾದ ಮರ ಸಕ್ರಮವಾಗಿ ಕಡಿದದ್ದೆಂದು ಸಾಬೀತುಪಡಿಸಬೇಕೆಂಬ ಕಾನೂನು ಭಾರತದಲ್ಲಿಲ್ಲ. ಇದ್ದಿದ್ದರೆ ಸ್ಥಳೀಯ ಬೆಳೆಗಾರನಿಗೂ ಆಮದುದಾರನಿಗೂ ಒಂದೇ ತಕ್ಕಡಿ ಆಗುತ್ತಿತ್ತು. ಮರ ಬೆಳೆಸುವ ರೈತರ ಪರವಾಗಿ ವಾಣಿಜ್ಯ ಸಂಘಟನೆಗಳು ಇದನ್ನು ಕೇಳುವುದರಲ್ಲಿ ಅಸಂಗತವೇನೂ ಇಲ್ಲ.

ಅಲ್ಲಿಯವರೆಗೆ ವ್ಯಾಪಾರಿಯ ಕೈಲಿರುವುದು ತನ್ನದೇ ಕಡತ. ಕೇಂದ್ರ ಪರಿಸರ ಸಚಿವಾಲಯವು 2023ರ ಡಿಸೆಂಬರಿನಲ್ಲಿ ‘ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆ’ಯನ್ನು ಆರಂಭಿಸಿದೆ. ಕಾಡಿನಾಚೆಯ ಮರಗಳೂ, ಸರಪಳಿ ದಾಖಲೆಯೂ ಅದರ ವ್ಯಾಪ್ತಿಯಲ್ಲಿವೆ. ತಾನು ಕೊಂಡದ್ದು ಯಾವ ಜಾತಿಯ ಮರವೆಂಬ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಣ್ಣ ತುಂಡನ್ನು ಪರೀಕ್ಷಿಸಿ ಗುರುತಿಸಿಕೊಡುವ ವ್ಯವಸ್ಥೆಯಿದೆ. ದಿಮ್ಮಿ ಹಲವರ ನಡುವೆ ಹಂಚಿಕೆಯಾಗುವಾಗ ರಹದಾರಿಯ ಅಥವಾ ಆಮದು ದಾಖಲೆಯ ಪ್ರತಿಯನ್ನು ಪ್ರತಿ ಬಿಲ್ಲಿನೊಡನೆ ಲಗತ್ತಿಸುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ. ಯುರೋಪಿನ ನಿಯಮದಂತೆ ಅಲ್ಲಿನ ಖರೀದಿದಾರನು ಈ ಕಾಗದಗಳನ್ನು 5 ವರ್ಷ ಕಾಲ ಕಾಯ್ದಿರಿಸಬೇಕು. ಇಲ್ಲಿ ಒದಗಿಸಿದವನೂ ಅಷ್ಟೇ ಕಾಲ ಇಟ್ಟುಕೊಳ್ಳುವುದು ಲೇಸು.